ಎಡವಿದ್ದೆಲ್ಲಿ, ಬಿದ್ದದ್ದೆಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಮದರ್‌ಬೋರ್ಡ್, ಬಳಸಿದ ಪ್ರೊಸೆಸರ್, ಬೇರೆ ಬೇರೆ ಕಂಪನಿಯ ಎರಡು ರ‍್ಯಾಮ್, ಯಾರೋ ಗೇಮ್ ಆಡಿ ಮಾರಿದ ಗ್ರಾಫಿಕ್ಸ್ ಕಾರ್ಡ್ ಹುಡುಕಿ ತಂದು ಮನೆಯಲ್ಲೇ ಜೋಡಿಸಿದರೆ, ಹೊಸದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕಂಪ್ಯೂಟರ್ ಸಿದ್ಧವಾಗುತ್ತದೆ. ತೊಡಕು ಶುರುವಾಗುವುದು ಅದು ವಾರಕ್ಕೆರಡು ಸಲ ನೀಲಿ ಪರದೆ ತೋರಿಸಿ ನಿಂತಾಗ, ಇಲ್ಲವೇ ಏನೂ ಹೇಳದೆ ತಾನಾಗಿಯೇ ರೀಸ್ಟಾರ್ಟ್ ಆದಾಗ. ಪರದೆಯ ಮೇಲೆ ಯಾವ ಭಾಗದ ಹೆಸರು ಬಂತೋ ಅದನ್ನು ಕಿತ್ತು ಬೇರೆ ಹಾಕುವುದು ರೂಢಿ. ಈ ರೂಢಿ ತಪ್ಪು. ಮನುಷ್ಯ ಎಡವುವ ಜಾಗ ಒಂದು, ತತ್ತರಿಸುತ್ತ ನಾಲ್ಕು ಹೆಜ್ಜೆ ಹೋಗಿ ಬೀಳುವ ಜಾಗ ಇನ್ನೊಂದು. ಕಂಪ್ಯೂಟರ್ ಕೊಡುವ ಸಂದೇಶ ಬಿದ್ದ ಜಾಗದ್ದು ಮಾತ್ರ. ಎಡವಿದ ಜಾಗವನ್ನು ಪ್ರಯೋಗದಿಂದಲೇ ಹುಡುಕಬೇಕು.

ರ‍್ಯಾಮ್‌ನ ಒಂದೇ ಒಂದು ಬಿಟ್ 0 ಇದ್ದದ್ದು 1 ಆಯಿತು ಎನ್ನೋಣ. ಆ ಜಾಗದಲ್ಲಿ ಒಂದು ಚಿತ್ರ ಇದ್ದಿದ್ದರೆ ಒಂದು ಚುಕ್ಕೆಯ ಬಣ್ಣ ಬದಲಾಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಗ್ರಾಫಿಕ್ಸ್ ಡ್ರೈವರ್ ಬಳಸುವ ವಿಳಾಸ ಇದ್ದಿದ್ದರೆ ಡ್ರೈವರ್ ಕುಸಿಯುತ್ತದೆ, ಆರೋಪ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಡಿಸ್ಕಿಗೆ ಬರೆಯಲು ಕಾದಿದ್ದ ಕಡತವಾಗಿದ್ದರೆ ಅದು ಕೆಟ್ಟ ರೂಪದಲ್ಲೇ ಬರೆದುಹೋಗಿ, ತಿಂಗಳ ನಂತರ ಡಿಸ್ಕಿನ ಮೇಲೆ ಆರೋಪ ಬರುತ್ತದೆ. ದೋಷ ಒಂದೇ, ಮುಖ ಮೂರು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಕಂಡದ್ದು ಇದಕ್ಕಿಂತ ದೊಡ್ಡ ಪುರಾವೆ. ಕಾರ್ಡಿನಲ್ಲಿ ಮೆಮೊರಿ ಧಾರಾಳವಾಗಿದ್ದರೂ ‘ವಿಡಿಯೊ ಮೆಮೊರಿ ಸಾಲದು’ ಎಂದು ಹೇಳಿ ಗೇಮ್‌ಗಳು ನಿಂತುಬಿಡುತ್ತಿದ್ದವು. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ದತ್ತಾಂಶವನ್ನು ಬಿಚ್ಚಿಕೊಡುವ ಲೆಕ್ಕ ನಡೆಯುವುದು ಪ್ರೊಸೆಸರ್‌ನಲ್ಲಿ. ಆ ಲೆಕ್ಕವೇ ತಪ್ಪುತ್ತಿತ್ತು. ಪ್ರೊಸೆಸರ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು ಒಳಗೇ ಸವೆಯುತ್ತಿದೆ ಎಂದು 2024ರಲ್ಲಿ ಕಂಪನಿಯೇ ಒಪ್ಪಿ, ಆಗಸ್ಟ್‌ನಲ್ಲಿ ಮೈಕ್ರೊಕೋಡ್ ತಿದ್ದುಪಡಿ ಕೊಟ್ಟು ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದ ಚಿಪ್ಪನ್ನು ಯಾವ ತಿದ್ದುಪಡಿಯೂ ಸರಿಮಾಡಲಾರದು. ಈ ತಲೆಮಾರಿನ ಪ್ರೊಸೆಸರ್ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೆನಪಿಡಬೇಕು.

ಸಂದೇಶವನ್ನೇ ಕೊಡದೆ ಕೆಡುವ ಭಾಗವೂ ಒಂದಿದೆ. ನಮ್ಮ ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎಂದೇ ಕರೆಯುವ ವಿದ್ಯುತ್ ಡಬ್ಬಿ ಅದು. ಅದರ 12 ವೋಲ್ಟ್ ತಂತಿಯಲ್ಲಿ 11.4ರಿಂದ 12.6ರವರೆಗೆ ಏರಿಳಿತವಾಗಬಹುದು ಎಂಬುದು ಎಟಿಎಕ್ಸ್ ಮಾನದಂಡ. ವೋಲ್ಟೇಜನ್ನು ಸಮನಾಗಿಡುವ ಕೆಪಾಸಿಟರ್‌ಗಳೊಳಗಿನ ದ್ರವ ವರ್ಷಗಳ ಬಿಸಿಗೆ ಆರುತ್ತ ಬರುತ್ತದೆ; ಉಷ್ಣಾಂಶ 10 ಡಿಗ್ರಿ ಹೆಚ್ಚಿದರೆ ಅವುಗಳ ಆಯುಷ್ಯ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಹೊರಗಿನಿಂದ ನೋಡಿದರೆ ಡಬ್ಬಿ ಚೆನ್ನಾಗಿಯೇ ಇರುತ್ತದೆ, ಮಲ್ಟಿಮೀಟರ್ ಹಿಡಿದರೆ 12 ವೋಲ್ಟೇ ತೋರಿಸುತ್ತದೆ. ಆದರೆ ಮೀಟರ್ ತೋರಿಸುವುದು ಸರಾಸರಿಯನ್ನು. ಗ್ರಾಫಿಕ್ಸ್ ಕಾರ್ಡ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದಾಗ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ವೋಲ್ಟೇಜ್ ಕುಸಿದದ್ದು ಅದರ ಕಣ್ಣಿಗೆ ಬೀಳದು. ವಿದ್ಯುತ್ ಸರಿಯಿದೆ ಎಂದು ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ ಸದಾ ಕೊಡುವ ಸಂಕೇತ ತಪ್ಪಿದೊಡನೆ ಬೋರ್ಡ್ ಎಲ್ಲವನ್ನೂ ರೀಸೆಟ್ ಮಾಡುತ್ತದೆ. ನೀಲಿ ಪರದೆ ಬಿಡಿಸುವಷ್ಟು ಪುರಸೊತ್ತೂ ವಿಂಡೋಸ್‌ಗೆ ಇರುವುದಿಲ್ಲ. ಹಾಗಾಗಿ ಮೌನವೇ ಇಲ್ಲಿ ಒಂದು ಸಾಕ್ಷಿ: ನೀಲಿ ಪರದೆ ಬಂದರೆ ವಿಂಡೋಸ್ ಕೊನೆಯ ಗಳಿಗೆಯವರೆಗೆ ಬದುಕಿತ್ತು, ಏನೂ ಬರದೆ ಆರಿದರೆ ಮೊದಲ ಸಂಶಯ ವಿದ್ಯುತ್ತಿನ ಮೇಲೆ, ನಂತರ ಅತಿಬಿಸಿಯ ಮೇಲೆ. ಇವೆಂಟ್ ವ್ಯೂವರ್‌ನಲ್ಲಿ ಕಾಣುವ ‘ಕರ್ನಲ್-ಪವರ್ 41’ ಎಂಬ ಸಾಲನ್ನು ಮಾತ್ರ ವಿದ್ಯುತ್ ದೋಷಕ್ಕೆ ಪುರಾವೆ ಎಂದು ತಿಳಿಯಬಾರದು. ಕಳೆದ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ.

ಒಮ್ಮೆ ನಿಂತದ್ದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ, ಯಂತ್ರ ಅಂದಮೇಲೆ ಹೀಗೆಲ್ಲ ಆಗುತ್ತದೆ ಎನ್ನುವವರಿದ್ದಾರೆ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ರ‍್ಯಾಮ್‌ನ ಬಿಟ್ ಬದಲಿಸಬಲ್ಲವು ಎಂಬುದೂ ನಿಜವೇ. ಅಂಕಿಗಳು ಮಾತ್ರ ಬೇರೆ ಕಥೆ ಹೇಳುತ್ತವೆ. ಮೈಕ್ರೊಸಾಫ್ಟ್ ಸಂಶೋಧಕರು ಸುಮಾರು 10 ಲಕ್ಷ ಸಾಮಾನ್ಯ ಬಳಕೆಯ ಕಂಪ್ಯೂಟರ್‌ಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 8 ತಿಂಗಳಲ್ಲಿ ಒಟ್ಟು ಕನಿಷ್ಠ 30 ದಿನದಷ್ಟು ದುಡಿದ ಪ್ರೊಸೆಸರ್ ತನ್ನ ದೋಷದಿಂದ ಕಂಪ್ಯೂಟರನ್ನು ಒಮ್ಮೆ ಕೆಡವುವ ಸಂಭವ 190ರಲ್ಲಿ 1. ಒಮ್ಮೆ ಹಾಗಾದ ಯಂತ್ರ ಮತ್ತೆ ಅದೇ ಕಾರಣಕ್ಕೆ ಬೀಳುವ ಸಂಭವ ಸುಮಾರು 3ರಲ್ಲಿ 1. ಗೂಗಲ್ ಸರ್ವರ್‌ಗಳ ಮೇಲೆ ನಡೆದ 2009ರ ಅಧ್ಯಯನವೂ ರ‍್ಯಾಮ್ ದೋಷಗಳಲ್ಲಿ ಹೆಚ್ಚಿನವು ಆಕಸ್ಮಿಕವಲ್ಲ, ಆ ರ‍್ಯಾಮ್ ಪಟ್ಟಿಯಲ್ಲೇ ನೆಲೆಸಿದ ದೋಷಗಳು ಎಂದು ಸೂಚಿಸಿತು. ಹಾಗಾಗಿ ಎರಡನೆಯ ಸಲ ನಿಂತ ಕಂಪ್ಯೂಟರನ್ನು ಆಕಸ್ಮಿಕದ ಖಾತೆಗೆ ಹಾಕಬಾರದು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಬಲವಿದೆ: ಬಹಳಷ್ಟು ಸಲ ತಪ್ಪು ಸಾಫ್ಟ್‌ವೇರಿನದೇ, ಫಾರ್ಮ್ಯಾಟ್ ಮಾಡಿದರೆ ಮುಗಿಯಿತು. ಡ್ರೈವರ್ ಕೆಟ್ಟು ನಿಲ್ಲುವುದು ಖಂಡಿತ ಉಂಟು. ಆದರೆ ಫಾರ್ಮ್ಯಾಟ್ ಮಾಡುವುದರಿಂದ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ, ರ‍್ಯಾಮ್ ಕೆಟ್ಟಿದ್ದರೆ ಹೊಸ ವಿಂಡೋಸ್ ಕೂಡ ಕೆಟ್ಟೇ ಕೂರುತ್ತದೆ. ಅದರ ಬದಲು ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ಅಷ್ಟೇ ಭಾರದ ಕೆಲಸ ಕೊಡಿ. ಎರಡು ಬೇರೆ ಬೇರೆ ವ್ಯವಸ್ಥೆಗಳಲ್ಲೂ ಯಂತ್ರ ನಿಂತರೆ ಸಾಫ್ಟ್‌ವೇರನ್ನು ಬಹುಮಟ್ಟಿಗೆ ಕೈಬಿಡಬಹುದು.

ಆಮೇಲೆ ಮಾಡಬೇಕಾದ್ದು ತಾಳ್ಮೆಯ ಕೆಲಸ, ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಬಯಾಸ್‌ನ ಎಲ್ಲ ಸೆಟ್ಟಿಂಗ್ ಮೂಲಸ್ಥಿತಿಗೆ ತನ್ನಿ. ಹಿಂದಿನ ಮಾಲೀಕ ಪ್ರೊಸೆಸರನ್ನಾಗಲಿ ರ‍್ಯಾಮನ್ನಾಗಲಿ ವೇಗ ಹೆಚ್ಚಿಸಿ ಓಡಿಸಿದ್ದಿರಬಹುದು. ಮೈಕ್ರೊಸಾಫ್ಟ್‌ನ ಅದೇ ಅಧ್ಯಯನದಲ್ಲಿ ಪ್ರೊಸೆಸರ್‌ನ ವೇಗ ತುಸು ಹೆಚ್ಚಿಸಿದ ಯಂತ್ರಗಳು ಹೆಚ್ಚು ಬಿದ್ದವು, ತುಸು ತಗ್ಗಿಸಿದವು ಕಡಿಮೆ ಬಿದ್ದವು. ಹಾಗಾಗಿ ರ‍್ಯಾಮ್‌ನ ವೇಗವನ್ನೂ ಒಂದು ಹಂತ ಇಳಿಸಿ ನೋಡಿ. ತೊಂದರೆ ನಿಂತರೆ ಹುಡುಕುವ ಜಾಗ ಕಿರಿದಾಯಿತು. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86 ಓಡಿಸಿ ಪಾಸಾಯಿತು ಎಂದಮಾತ್ರಕ್ಕೆ ರ‍್ಯಾಮ್ ನಿರ್ದೋಷಿಯಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಸುಮ್ಮನಿರುತ್ತದೆ, ಕ್ಯಾಬಿನೆಟ್ ತಣ್ಣಗಿರುತ್ತದೆ. ಫೇಲಾದರೂ ಆ ಪಟ್ಟಿಯೇ ಕೆಟ್ಟಿದೆ ಎನ್ನಲಾಗದು. ಎರಡು ಪಟ್ಟಿಗಳ ಸ್ಲಾಟ್ ಅದಲುಬದಲು ಮಾಡಿ, ಒಂದೊಂದನ್ನೇ ಪರೀಕ್ಷಿಸಿ: ದೋಷ ಪಟ್ಟಿಯ ಜೊತೆ ಹೋದರೆ ಪಟ್ಟಿಯದು, ಸ್ಲಾಟಿನಲ್ಲೇ ಉಳಿದರೆ ಬೋರ್ಡಿನದು ಅಥವಾ ಪ್ರೊಸೆಸರ್‌ನದು. ಸಂಶಯ ಬಂದದ್ದನ್ನೆಲ್ಲ ಬದಲಿಸುವುದೇ ಅಗ್ಗ ಎನ್ನುವವರ ಲೆಕ್ಕದಲ್ಲಿ ಇದೇ ಬಿಟ್ಟುಹೋಗುವುದು: ಚೆನ್ನಾಗಿದ್ದ ಭಾಗ ಕಸವಾಗುತ್ತದೆ, ಕೆಟ್ಟ ಭಾಗ ಒಳಗೇ ಉಳಿಯುತ್ತದೆ.

ಬಳಸಿದ್ದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಎಸ್‌ಎಂಪಿಎಸ್ ಒಂದನ್ನು ಮಾತ್ರ ಹೊಸದು ಕೊಳ್ಳಿ. ಹಳೆಯದರ ಡಬ್ಬಿಯನ್ನು ಬಿಚ್ಚಲು ಹೋಗಬೇಡಿ. ನಮ್ಮ 230 ವೋಲ್ಟ್ ಸಂಪರ್ಕದಲ್ಲಿ ಅದರ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಕೆಲಹೊತ್ತು ಉಳಿದಿರಬಹುದು.