ಹದಿನೈದು ವರ್ಷ ದಾಟಿದ ಗಾಡಿ ಗುಜರಿಗೇನಾ?

ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ ಮನೆಯ ಬಾಗಿಲು ತೆಗೆದರೆ ಗೊಬ್ಬರದ ಚೀಲ, ತೆಂಗಿನ ಮಟ್ಟೆಗಳ ಹಿಂದೆ ಟಾರ್ಪಾಲು ಹೊದ್ದ ಹಳೇ ಗಾಡಿಯೊಂದು ಇವತ್ತಿಗೂ ಕಾಣಸಿಗುತ್ತದೆ. ಫಿಯಟ್ ಇರಬಹುದು, ಹೆಚ್ಚಿನ ಸಲ ಯೆಜ್ಡಿ. ಬೆಂಗಳೂರು ಮೂಲದ ಸ್ಯಾನ್ ಕಂಪನಿ ಎರಡು ಸೀಟಿನ, ಫೈಬರ್ ಬಾಡಿಯ ಸ್ಯಾನ್ ಸ್ಟಾರ್ಮ್ ಎಂಬ ಸ್ಪೋರ್ಟ್ಸ್ ಕಾರನ್ನು ತಂದಿತ್ತಾದರೂ ನಮ್ಮ ರಸ್ತೆಗಳಲ್ಲಿ ನಾನದನ್ನು ಕಂಡಿಲ್ಲ. ನಮ್ಮ ಪ್ರಾಯದ ಹುಡುಗರಿಗೆ ಸ್ಪೋರ್ಟ್ಸ್ ಗಾಡಿ ಎಂದರೆ ಯೆಜ್ಡಿ ರೋಡ್‌ಕಿಂಗ್. 1961ರಲ್ಲಿ ಜಾವಾ ತಯಾರಿಸಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ ಅದು. ಅಂಥದ್ದನ್ನು ಮತ್ತೆ ರಸ್ತೆಗಿಳಿಸಬೇಕು ಎಂದು ಯಾರಾದರೂ ಹೊರಟರೆ ಊರೆಲ್ಲ ಬುದ್ಧಿ ಹೇಳುತ್ತದೆ. ಆ ಬುದ್ಧಿಮಾತಿನಲ್ಲಿ ಅರ್ಧಕ್ಕರ್ಧ ತಪ್ಪು. ಕಾರಿಗೂ ಬೈಕಿಗೂ ಕಾನೂನು ಹೆಚ್ಚುಕಮ್ಮಿ ಒಂದೇ ಆದ್ದರಿಂದ ಎರಡನ್ನೂ ಒಟ್ಟಿಗೇ ನೋಡೋಣ.

ತಪ್ಪು ಕಲ್ಪನೆ: 15 ವರ್ಷ ಆಯಿತೆಂದರೆ ಗಾಡಿ ಗುಜರಿಗೆ ಹಾಕಲೇಬೇಕು.

ಈ ಭಯಕ್ಕೆ ಎಷ್ಟೋ ಒಳ್ಳೆಯ ಗಾಡಿಗಳು ಕೆ.ಜಿ. ಲೆಕ್ಕದಲ್ಲಿ ಹೋಗಿವೆ. ಎರಡು ಬೇರೆ ಬೇರೆ ಸುದ್ದಿಗಳು ಜನರ ತಲೆಯಲ್ಲಿ ಬೆರೆತಿವೆ. ಒಂದು ದೆಹಲಿಯದು. ಅಲ್ಲಿನ ಹೊಗೆಯ ಕಾರಣಕ್ಕೆ ಹಸಿರು ನ್ಯಾಯಮಂಡಳಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಆ ಆದೇಶ ದೆಹಲಿ ಮತ್ತು ಸುತ್ತಲಿನ ಪ್ರದೇಶದ ಮಾತು. ಎರಡನೆಯದು ಸರ್ಕಾರಿ ವಾಹನಗಳದು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣ ಆಗುವುದಿಲ್ಲ. ಕೊರಟಗೆರೆಯ ರೈತನ ಸ್ವಂತ ಗಾಡಿಗೆ ಈ ಎರಡೂ ಅನ್ವಯಿಸುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಸ್ವಂತ ಬಳಕೆಯ ಗಾಡಿಯ ಆರ್‌ಸಿ 15 ವರ್ಷ ನಡೆಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುತ್ತಾ ಹೋಗಬಹುದು. ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನದ ಒಳಗೆ ಫಾರಂ 25ರಲ್ಲಿ ಅರ್ಜಿ ಹಾಕಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಕೆಎ 64 ನಂಬರಿನವರಿಗೆ ಮಧುಗಿರಿಯಲ್ಲಿ ಸಾರಿಗೆ ಕಚೇರಿಯಿದೆ. ಶುಲ್ಕ ಏರಿರುವುದು ನಿಜ. 2022ರ ಏಪ್ರಿಲ್‌ನಲ್ಲಿ ಕಾರಿನದು 600 ರೂಪಾಯಿಯಿಂದ 5,000ಕ್ಕೆ ಹೋಯಿತು. ಆದರೂ ಮೂವತ್ತು ವರ್ಷದ ಗಾಡಿ ತಪಾಸಣೆಯಲ್ಲಿ ಪಾಸಾದರೆ ಓಡಿಸಲು ಯಾರ ಅಡ್ಡಿಯೂ ಇಲ್ಲ.

ತಪ್ಪು ಕಲ್ಪನೆ: ಹಳೇದೆಲ್ಲಾ ವಿಂಟೇಜ್. ಹಾಗೆ ಮಾಡಿಸಿದರೆ ಹಳೇ ನಂಬರ್ ಹೋಗುತ್ತದೆ.

2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ ವಿಂಟೇಜ್ ಎನಿಸಲು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. 1978ರಲ್ಲಿ ಬಂದ ರೋಡ್‌ಕಿಂಗ್‌ಗಳಲ್ಲಿ ಅತಿ ಹಳೆಯದಕ್ಕೂ 2028ರ ತನಕ ಆ ಪಟ್ಟ ಸಿಗದು. ಹೊಸದಾಗಿ ನೋಂದಾಯಿಸುವ ವಿಂಟೇಜ್ ಗಾಡಿಗೆ 20,000 ರೂಪಾಯಿ ಶುಲ್ಕ ಮತ್ತು ‘ವಿಎ’ ಸರಣಿಯ ನಂಬರು. ಈಗಾಗಲೇ ನೋಂದಣಿ ಇದ್ದರೆ ಹಳೇ ನಂಬರ್ ಉಳಿಯುತ್ತದೆ. ಆದರೆ ವಿಂಟೇಜ್ ಮಾಡಿಸಿದ ಮೇಲೆ ಅದರಲ್ಲಿ ಗೊರವನಹಳ್ಳಿ ಲಕ್ಷ್ಮಿ ದರ್ಶನಕ್ಕೆ ವಾರವಾರ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು. ಓಡಿಸುವ ಆಸೆಯಿದ್ದವರಿಗೆ ಮಾಮೂಲಿ ಆರ್‌ಸಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: ನನ್ನ ದುಡ್ಡು, ನನ್ನ ಗಾಡಿ. ಹೇಗೆ ಬೇಕಾದರೂ ಆಲ್ಟರ್ ಮಾಡಿಸುತ್ತೇನೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಒಪ್ಪುವುದಿಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಿಂದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬಣ್ಣ ಬದಲಿಸಬಹುದು, ಅದನ್ನು ಆರ್‌ಸಿಯಲ್ಲಿ ಬರೆಸಬೇಕು.

ಕಾನೂನಿನ ಮಾತು ಪಕ್ಕಕ್ಕಿಟ್ಟರೂ ಎಷ್ಟೋ ಆಲ್ಟರೇಷನ್‌ಗಳಿಂದ ಲಾಭವಿಲ್ಲ. ಸೈಲೆನ್ಸರ್ ಒಳಗಿನ ಕೊಳವೆ ಕಿತ್ತರೆ ಪವರ್ ಹೆಚ್ಚುತ್ತದೆಂದು ಹುಡುಗರು ನಂಬುತ್ತಾರೆ. ಹೆಚ್ಚುವುದು ಸದ್ದು ಮಾತ್ರ. ಯೆಜ್ಡಿಯಂಥ ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಸಿಲಿಂಡರಿಗೆ ಬಂದ ಹೊಸ ಪೆಟ್ರೋಲ್-ಗಾಳಿ ಮಿಶ್ರಣದ ಒಂದಿಷ್ಟು ಪಾಲು ಹೊಗೆಯ ಜೊತೆಗೇ ಹೊರಗೆ ನುಗ್ಗುತ್ತದೆ. ಸೈಲೆನ್ಸರಿನಿಂದ ಹಿಂದಕ್ಕೆ ಹೊಡೆದು ಬರುವ ಒತ್ತಡದ ಅಲೆ ಅದನ್ನು ಮತ್ತೆ ಒಳಗೆ ತಳ್ಳುತ್ತದೆ. ಕೊಳವೆ ಕಿತ್ತಾಗ ಆ ಅಲೆಯ ಲೆಕ್ಕ ತಪ್ಪಿ, ಏರಿನಲ್ಲಿ ಗಾಡಿ ಎಳೆಯುವುದೇ ಇಲ್ಲ. ‘ಪೆಟ್ರೋಲಿಗೆ ಆಯಿಲ್ ಜಾಸ್ತಿ ಬೆರೆಸಿದಷ್ಟೂ ಎಂಜಿನ್‌ಗೆ ಒಳ್ಳೇದು’ ಎಂಬ ಮಾತೂ ಇಂಥದ್ದೇ. ಆಯಿಲ್ ಹೆಚ್ಚಾದಷ್ಟೂ ಕಾರ್ಬೊರೇಟರಿನ ಅದೇ ಜೆಟ್‌ನಿಂದ ಇಳಿಯುವ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಬಿಸಿಯೇರುತ್ತದೆ, ಪೋರ್ಟಿನಲ್ಲಿ ಇಂಗಾಲ ಕಟ್ಟುತ್ತದೆ.

ತಪ್ಪು ಕಲ್ಪನೆ: ನಿಂತಿರುವ ಗಾಡಿ ಸವೆಯುವುದಿಲ್ಲ.

ಓಡುವ ಗಾಡಿ ಸವೆಯುತ್ತದೆ, ನಿಂತ ಗಾಡಿ ಕೊಳೆಯುತ್ತದೆ. ಕ್ರ್ಯಾಂಕ್ ಸೀಲುಗಳು ಒಣಗಿ ಬಿರಿಯುತ್ತವೆ. ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ತೇವ ಹೀರಿಕೊಳ್ಳುತ್ತದೆ, ಹಳೇ ಕಾಲದ ರಬ್ಬರ್ ಪೈಪು, ವಾಷರ್‌ಗಳನ್ನು ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬೊರೇಟರು ಎರಡನ್ನೂ ಖಾಲಿ ಮಾಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸ್ಪೇರ್ ಹುಡುಕುವ ಮೊದಲು ಪೆಟ್ರೋಲ್ ಪೈಪು, ಬ್ರೇಕು, ಟೈರು ನೋಡಿಕೊಳ್ಳಿ. ಟಿಂಕರಿಂಗ್, ಪೇಂಟು ಕೊನೆಯ ಕೆಲಸ.

ತಪ್ಪು ಕಲ್ಪನೆ: ಇನ್ಶೂರೆನ್ಸ್ ಕಟ್ಟಿದ್ದೇನೆ, ಏನಾದರೂ ಆದರೆ ಖರ್ಚು ಮಾಡಿದ್ದೆಲ್ಲಾ ವಾಪಸ್ ಬರುತ್ತದೆ.

ಹೆಚ್ಚು ನಷ್ಟ ಮಾಡುವ ನಂಬಿಕೆ ಇದೇ. ಹಳೇ ಗಾಡಿಗೆ ಹೆಚ್ಚಿನವರು ಕಟ್ಟುವುದು ಕಡ್ಡಾಯವಾದ ಥರ್ಡ್ ಪಾರ್ಟಿ ಮಾತ್ರ. ಅದು ಎದುರಿನವರಿಗಾದ ಹಾನಿಗೆ. ನಿಮ್ಮ ಗಾಡಿ ಕದ್ದು ಹೋದರೂ ಸುಟ್ಟು ಹೋದರೂ ಅದರಿಂದ ಒಂದು ರೂಪಾಯಿಯೂ ಬರದು. ಸ್ವಂತ ಹಾನಿಗೂ ಪಾಲಿಸಿ ಬೇಕೆಂದರೆ ಗಾಡಿಯ ಬೆಲೆ, ಅಂದರೆ ಐಡಿವಿ, ನಿಗದಿಯಾಗಬೇಕು. ಐದು ವರ್ಷದವರೆಗೆ ಸವಕಳಿಯ ಪಟ್ಟಿ ಇದೆ, ಆಮೇಲೆ ಕಂಪನಿಯೂ ನೀವೂ ಮಾತಾಡಿ ಒಪ್ಪಿಕೊಂಡ ಮೊತ್ತವೇ ಬೆಲೆ. ರಿಪೇರಿ ಬಿಲ್ಲು, ಫೋಟೋ ಇಟ್ಟುಕೊಂಡವರ ಮಾತಿಗೆ ಅಲ್ಲಿ ತೂಕ ಬರುತ್ತದೆ. ಹಾಗಿದ್ದೂ 10 ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೆ ಕ್ಲೇಮಿನಲ್ಲಿ ಶೇ. 50 ಕಡಿತ, ರಬ್ಬರ್-ಪ್ಲಾಸ್ಟಿಕ್‌ಗೂ ಶೇ. 50. ಸವಕಳಿ ಕಳೆಯದೆ ಒಪ್ಪಿದ ಮೊತ್ತವನ್ನೇ ಕೊಡುವ ಪಾಲಿಸಿಯನ್ನು 2002ರ ಮೋಟಾರ್ ಟ್ಯಾರಿಫ್ 1940ಕ್ಕೂ ಹಿಂದಿನ, ಪ್ರಮಾಣಿತ ವಿಂಟೇಜ್ ಕಾರುಗಳಿಗೆ ಮಾತ್ರ ಮೀಸಲಿಟ್ಟಿತ್ತು.

ಆರ್‌ಸಿ ಕೈಕೊಟ್ಟರಂತೂ ಕಟ್ಟಿದ ಪ್ರೀಮಿಯಂ ವ್ಯರ್ಥ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ವಾಹನವೊಂದು ಕಳುವಾದಾಗ, ಪಾಲಿಸಿ ಇದ್ದರೂ ಪರಿಹಾರ ಕೊಡಬೇಕಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಮ್ಮ ಕಡೆ ತೀರಿಕೊಂಡ ಅಪ್ಪನ ಅಥವಾ ತಾತನ ಹೆಸರಿನಲ್ಲೇ ಆರ್‌ಸಿ ಉಳಿದ ಗಾಡಿಗಳು ಬೇಕಾದಷ್ಟಿವೆ. ‘ಅವರ ನೆನಪಿಗೆ ಹಾಗೇ ಇರಲಿ’ ಎನ್ನುತ್ತಾರೆ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮಾಲೀಕರು ತೀರಿಕೊಂಡ 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರು ಹೆಸರು ಬದಲಾಯಿಸಿಕೊಳ್ಳಬೇಕು. ಅವರ ಹೆಸರಿನ ಪಾಲಿಸಿಯೂ ಹೆಚ್ಚೆಂದರೆ ಮೂರು ತಿಂಗಳು ಜೀವದಲ್ಲಿರುತ್ತದೆ.

ಆದ್ದರಿಂದ ಟಾರ್ಪಾಲು ಸರಿಸುವ ಮೊದಲು ಬೀರುವಿನಿಂದ ಆರ್‌ಸಿ ತೆಗೆಯಿರಿ. ಅದರಲ್ಲಿ ಯಾರ ಹೆಸರಿದೆ, ಯಾವ ದಿನಾಂಕದವರೆಗೆ ಇದೆ, ಎಂಜಿನ್ ನಂಬರ್ ಗಾಡಿಯದಕ್ಕೆ ಸರಿಹೊಂದುತ್ತದೆಯೇ ಎಂದು ಇವತ್ತೇ ನೋಡಿ. ಮೇಸ್ತ್ರಿಯ ಹತ್ತಿರ ಆಮೇಲೆ ಹೋಗಿ.