ಹಳೆಯ ಸ್ಪೆಕ್ಟ್ರಮ್‌ಗೆ ಕರೆಂಟ್ ಕೊಡುವ ಮುನ್ನ

ಪುಣೆ–ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಹೆದ್ದಾರಿಯಲ್ಲಿ, ಘೋಡ್ ನದಿಯ ದಂಡೆಗೆ ಶಿರೂರು ಇದೆ. ತಾಲ್ಲೂಕಿನ ರಾಂಜಣಗಾಂವ್ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿರುವುದರಿಂದ ಇಲ್ಲಿ ಸ್ಕ್ರೂಡ್ರೈವರ್ ಹಿಡಿಯಬಲ್ಲವರಿಗೆ ಬರವಿಲ್ಲ. ಆದರೂ ಹಳೆಯ ಕಂಪ್ಯೂಟರ್ ಒಂದನ್ನು ಮೇಜಿನ ಮೇಲಿಟ್ಟು ಬಿಚ್ಚತೊಡಗಿದರೆ ಸುತ್ತ ನಿಂತವರ ಮೊದಲ ಪ್ರಶ್ನೆ ಕೆಲಸದ್ದಲ್ಲ. ವಿಜಯಪುರ ಕಡೆಯ ಹುಡುಗನೊಬ್ಬ ಕೇಳಿಯೇಬಿಟ್ಟ: "ಸರ, ಇದರಾಗ ಬಂಗಾರ ಇರ್ತದಂತಲ್ರೀ?"

ಇರುತ್ತದೆ. ಚಿಪ್ಪಿನ ಹೊಟ್ಟೆಯಲ್ಲಿರುವ ಸಿಲಿಕಾನ್ ತುಣುಕನ್ನು ಹೊರಗಿನ ಕಾಲುಗಳಿಗೆ ಜೋಡಿಸಲು ಕೂದಲಿಗಿಂತ ತೆಳುವಾದ ಚಿನ್ನದ ತಂತಿ ಬಳಸುತ್ತಿದ್ದರು. ಆದರೆ ಅದನ್ನು ಹೊರತೆಗೆಯಲು ಬೇಕಾಗುವ ಆಸಿಡ್ಡಿನ ಖರ್ಚೂ ಅದರಿಂದ ಹುಟ್ಟುವುದಿಲ್ಲ. ಹಳೆಯ ಟಿವಿ, ರೇಡಿಯೊಗಳಲ್ಲಿ 'ರೆಡ್ ಮರ್ಕ್ಯುರಿ' ಇದೆ, ಕೋಟಿ ಬೆಲೆ ಬಾಳುತ್ತದೆ ಎಂಬ ವಾಟ್ಸ್‌ಆ್ಯಪ್ ಸುದ್ದಿಯಂತೂ ಶುದ್ಧ ಬುರುಡೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಪುಕಾರು ನಂಬಿ ಜನ ಹಳೆಯ ಸಿಂಗರ್ ಹೊಲಿಗೆ ಯಂತ್ರಗಳಿಗೆ ರಾಶಿ ಹಣ ಸುರಿದಿದ್ದರು.

ಮೇಜಿನ ಮೇಲಿರುವುದು ಸ್ಪೆಕ್ಟ್ರಮ್ ಪ್ಲಸ್ ಎಂಬ ಕಂಪ್ಯೂಟರ್. ಇಂಥದ್ದೆಲ್ಲ ಎಂಬತ್ತರ ದಶಕದಲ್ಲಿ ಗಲ್ಫಿನಿಂದಲೋ ಲಂಡನ್ನಿನಿಂದಲೋ ಬಂದ ನೆಂಟರ ಸೂಟ್‌ಕೇಸಿನಲ್ಲಿ ಮಾತ್ರ ಬರುತ್ತಿತ್ತು ಎಂಬ ಮಾತಿದೆ. ಅದು ಪೂರ್ತಿ ನಿಜವಲ್ಲ. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಸ್ಪೆಕ್ಟ್ರಮ್ ಅನ್ನೂ 1984ರಲ್ಲಿ ಅದರ 'ಪ್ಲಸ್' ರೂಪವನ್ನೂ ಹೊರತಂದಿತು. 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಭಾರತೀಯ ಕಂಪನಿ ಪರವಾನಗಿ ಪಡೆದು 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಎಂಬ ಹೆಸರಿನಲ್ಲಿ ಇಲ್ಲಿಯೇ ಮಾರಿತು. ಅದಕ್ಕೂ ಮೊದಲು, 1984ರಲ್ಲಿ, ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಡಿ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳು ನಮ್ಮ ಶಾಲೆಗಳಿಗೆ ಬಂದಿದ್ದವು. ಅಟ್ಟ ಹುಡುಕಿದರೆ ಇವು ಇಂದಿಗೂ ಸಿಕ್ಕಾವು. ಪುಣೆಯ ಜುನಾ ಬಾಜಾರ್‌ಗೆ ಭಾನುವಾರ, ಬುಧವಾರ ಹೋಗುವವರು ಕಣ್ಣು ತೆರೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನಷ್ಟ ತರುವ ನಂಬಿಕೆಗಳಿಗೆ ಬರೋಣ. "ಬಳಸದೆ ಇಟ್ಟದ್ದು, ಸವೆದಿಲ್ಲ, ಪ್ಲಗ್ ಹಾಕಿದರೆ ಸಾಕು" ಎನ್ನುವುದು ಅವುಗಳಲ್ಲಿ ಎಲ್ಲಕ್ಕಿಂತ ದುಬಾರಿ. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಸುಮ್ಮನೆ ಇಟ್ಟರೂ ಕೆಡುತ್ತದೆ. ಒಳಗಿನ ದ್ರವ ನಿಧಾನವಾಗಿ ಒಣಗುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯ ಅಡಾಪ್ಟರ್‌ನದು. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ, ಅದೂ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಇವತ್ತು ಅಂಗಡಿಯಲ್ಲಿ ಸಿಗುವ ಅಡಾಪ್ಟರ್‌ಗಳು ಬಹುಪಾಲು ಇದಕ್ಕೆ ಉಲ್ಟಾ. ಪಿನ್ ಸರಿಯಾಗಿ ಕೂರುತ್ತದೆ, ವೋಲ್ಟೇಜೂ ಸರಿಯಿರುತ್ತದೆ, ಬೋರ್ಡ್ ಮಾತ್ರ ಹೋಗುತ್ತದೆ. ಆದ್ದರಿಂದ ಕಂಪ್ಯೂಟರ್‌ಗೆ ಚುಚ್ಚುವ ಮೊದಲು ಅಡಾಪ್ಟರ್ ಒಂದನ್ನೇ ಮಲ್ಟಿಮೀಟರ್‌ನಿಂದ ಅಳೆಯಬೇಕು. ಮೂಲ ಅಡಾಪ್ಟರ್ ಇದ್ದು ಮೀಟರ್ 12 ವೋಲ್ಟ್ ದಾಟಿ ತೋರಿಸಿದರೆ ಗಾಬರಿ ಬೇಡ. ಅದರಲ್ಲಿ ರೆಗ್ಯುಲೇಟರ್ ಇಲ್ಲ, ಲೋಡ್ ಬಿದ್ದಾಗ ತಾನೇ ಇಳಿಯುತ್ತದೆ. ಹೆಚ್ಚಾದದ್ದನ್ನು ಬೋರ್ಡಿನ ಮೇಲಿನ 7805 ರೆಗ್ಯುಲೇಟರ್ ಶಾಖವಾಗಿ ಕಳೆದು 5 ವೋಲ್ಟ್ ಕೊಡುತ್ತದೆ. ಅದಕ್ಕೆ ಜೋಡಿಸಿದ ಅಲ್ಯೂಮಿನಿಯಂ ತಗಡು ಕೈ ಸುಡುವಷ್ಟು ಬಿಸಿಯಾಗುವುದು ಅದರ ಹುಟ್ಟುಗುಣ, ರೋಗವಲ್ಲ.

"ಮೊದಲು ಕೆಪ್ಯಾಸಿಟರ್ ಎಲ್ಲ ಬದಲಿಸಿ" ಎನ್ನುವವರೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಏನು ಕೆಟ್ಟಿದೆ ಎಂದು ತಿಳಿಯುವ ಮೊದಲೇ ಹತ್ತಾರು ಕಡೆ ಸೋಲ್ಡರಿಂಗ್ ಕಡ್ಡಿ ಇಟ್ಟರೆ, ಆಮೇಲೆ ಕಾಣುವ ದೋಷ ಹಳೆಯದೋ ನಾವು ಮಾಡಿದ್ದೋ ಗೊತ್ತಾಗುವುದಿಲ್ಲ. ಪುಣೆಯ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಕೆಪ್ಯಾಸಿಟರ್ ಅಗ್ಗ. ಕಿತ್ತುಹೋದ ಬೋರ್ಡಿನ ಟ್ರ್ಯಾಕ್ ಅಗ್ಗವಲ್ಲ. ಇದಕ್ಕೊಂದು ಅಪವಾದ ಬಿಬಿಸಿ ಮೈಕ್ರೊ. ಅದರ ಪವರ್ ಸಪ್ಲೈಯಲ್ಲಿ ಮೇನ್ಸ್‌ಗೆ ಅಡ್ಡವಾಗಿ ಕೂತ ರಿಫಾ ಕಂಪನಿಯ ಕೆಪ್ಯಾಸಿಟರ್‌ನ ಮೈ ಬಿರುಕು ಬಿಟ್ಟು ತೇವ ಹೀರಿರುತ್ತದೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಹೊಗೆ, ಗಬ್ಬು ವಾಸನೆ. ಅದನ್ನು ಮಾತ್ರ ಕರೆಂಟ್ ಕೊಡುವ ಮೊದಲೇ ತೆಗೆದು ಹೊಸದು ಹಾಕಬೇಕು.

ಸ್ಪೆಕ್ಟ್ರಮ್ ಬಿಚ್ಚುವಾಗ ಕೆಳಗಿನ ಸ್ಕ್ರೂ ತೆಗೆದು ಮುಚ್ಚಳವನ್ನು ಎಳೆಯಬೇಡಿ. ಕೀಬೋರ್ಡಿನಿಂದ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಬೋರ್ಡಿಗೆ ಇಳಿದಿರುತ್ತವೆ. ಅವು ಹಪ್ಪಳದಂತೆ ಮುರಿಯುತ್ತವೆ. ಮುರಿದರೂ ಕಂಪ್ಯೂಟರ್ ಸತ್ತಿತು ಅಂತಲ್ಲ. ಹೊಸ ಮೆಂಬ್ರೇನ್ ಈಗಲೂ ತಯಾರಾಗುತ್ತದೆ. ಮೊದಲ ಪರೀಕ್ಷೆಗಂತೂ ಕೀಬೋರ್ಡೇ ಬೇಡ, ಬೋರ್ಡ್ ಅದಿಲ್ಲದೆಯೂ ಏಳುತ್ತದೆ.

ಎದ್ದಾಗ ಏನಾಗಬೇಕು? ಟಿವಿ ಪರದೆ ಕ್ಷಣಕಾಲ ಕಪ್ಪಾಗಿ, ಅದರ ಮೇಲೆ ಸಣ್ಣ ಕೆಂಪು ಲಂಬ ಗೆರೆಗಳು ಮೂಡಿ ಮಾಯವಾಗಬೇಕು. ಕಂಪ್ಯೂಟರ್ ತನ್ನ ರ‍್ಯಾಮಿನ ಪ್ರತಿ ಬೈಟಿಗೂ 2 ಎಂಬ ಅಂಕೆ ಬರೆದು, ಅದನ್ನು ಒಂದೊಂದೇ ಕಳೆದು ಸೊನ್ನೆಗೆ ತಂದು ನೋಡುತ್ತಿರುವ ಹೊತ್ತು ಅದು. ಚಿತ್ರದ ಮಾಹಿತಿಯೂ ಅದೇ ರ‍್ಯಾಮಿನಲ್ಲಿರುವುದರಿಂದ ಪರೀಕ್ಷೆ ನಮಗೆ ಕಣ್ಣಾರೆ ಕಾಣುತ್ತದೆ. ಆಮೇಲೆ ಬಿಳಿ ಪರದೆಯ ಕೆಳಗೆ 1982ರ ಸಿಂಕ್ಲೇರ್ ಹಕ್ಕುಸ್ವಾಮ್ಯದ ಸಾಲು.

ಹಾಗಾಗದೆ ಬಣ್ಣಬಣ್ಣದ ಚೌಕಳಿ ಬಂದು ನಿಂತರೆ "ಪ್ರೊಸೆಸರ್ ಹೋಯ್ತು" ಎಂಬ ತೀರ್ಪು ಬೀಳುತ್ತದೆ. ಇದರ ಪ್ರೊಸೆಸರ್ ಆದ ಝಡ್80 ಅಷ್ಟು ಸುಲಭಕ್ಕೆ ಸಾಯುವ ಚಿಪ್ ಅಲ್ಲ. ಚೌಕಳಿಯ ಸುತ್ತಲಿನ ಅಂಚು ಬಿಳಿಯಾಗಿದೆಯೇ ನೋಡಿ. ರೋಮ್ ಚಿಪ್ ಪ್ರೊಸೆಸರ್‌ಗೆ ಹೇಳುವ ಮೊದಮೊದಲ ಕೆಲಸಗಳಲ್ಲಿ ಅಂಚನ್ನು ಬಿಳಿ ಮಾಡುವುದೂ ಒಂದು. ಅದಾಗಿದ್ದರೆ ಪ್ರೊಸೆಸರ್ ಬಹುಮಟ್ಟಿಗೆ ಬದುಕಿದೆ, ಎಡವಿರುವುದು ಮೊದಲ 16 ಕೆ ರ‍್ಯಾಮ್. ಅಲ್ಲಿರುವ ಎಂಟು 4116 ಚಿಪ್ಪುಗಳಿಗೆ ಮೂರು ಬಗೆಯ ವೋಲ್ಟೇಜ್ ಬೇಕು. ಮೀಟರಿನ ಕಪ್ಪು ತಂತಿಯನ್ನು, ಟಿವಿಗೆ ಸಂಕೇತ ಕೊಡುವ ಮಾಡ್ಯುಲೇಟರಿನ ಲೋಹದ ಡಬ್ಬಿಗೆ ಕಚ್ಚಿಸಿ, ಕೆಂಪಿನಿಂದ ಮುಟ್ಟಿ: 1ನೇ ಕಾಲಿನಲ್ಲಿ −5, 8ರಲ್ಲಿ +12, 9ರಲ್ಲಿ +5. ಸಾಮಾನ್ಯವಾಗಿ ಕಾಣೆಯಾಗುವುದು −5. ಅದನ್ನೂ +12ನ್ನೂ ಹುಟ್ಟಿಸುವುದು ಒಂದು ಸುರುಳಿ ಮತ್ತು ಟಿಆರ್4 ಎಂಬ ಟ್ರಾನ್ಸಿಸ್ಟರ್ ಇರುವ ಪುಟ್ಟ ಮಂಡಲ. −5 ಇಲ್ಲದೆ +12 ಮಾತ್ರ ಹರಿಯುತ್ತಿದ್ದರೆ ಚಿಪ್ಪುಗಳು ಬೇಯುತ್ತವೆ. ತಕ್ಷಣ ಆಫ್ ಮಾಡಿ. ಮೂರೂ ಸರಿಯಿದ್ದರೆ ಎಂಟನ್ನೂ ಬೆರಳಿನಿಂದ ಮುಟ್ಟಿ ನೋಡಿ, ಉಳಿದ ಏಳಕ್ಕಿಂತ ಬಿಸಿಯಾದದ್ದರ ಮೇಲೆ ಮೊದಲ ಅನುಮಾನ.

ಇದರ ಉಲ್ಟಾ ನಂಬಿಕೆಯೂ ಇದೆ: "ಹಕ್ಕುಸ್ವಾಮ್ಯದ ಸಾಲು ಬಂತು, ಗಾಡಿ ಓಕೆ." ಮಾರುವವರಿಗೆ ಇದು ಅಚ್ಚುಮೆಚ್ಚು. ಮೇಲಿನ 32 ಕೆ ರ‍್ಯಾಮ್ ಪೂರ್ತಿ ಕೆಟ್ಟಿದ್ದರೂ ಆ ಸಾಲು ಬರುತ್ತದೆ, ಏಕೆಂದರೆ ಪರೀಕ್ಷೆ ಕೆಳಗಿನಿಂದ ಹತ್ತಿ ಮೊದಲ ದೋಷ ಕಂಡಲ್ಲಿ ನಿಂತು, ಇದ್ದಷ್ಟರಲ್ಲೇ ಸಂಸಾರ ಮಾಡುತ್ತದೆ. ಕೀಬೋರ್ಡ್ ಜೋಡಿಸಿ 'ಪ್ರಿಂಟ್ ಪೀಕ್ 23732 + 256 * ಪೀಕ್ 23733' ಎಂದು ಕೇಳಿ. 65535 ಎಂದರೆ 48 ಕೆ ಪೂರ್ತಿ ಇದೆ. 32767 ಎಂದರೆ ನೀವು 48 ಕೆ ಬೆಲೆಗೆ 16 ಕೆ ಕೊಳ್ಳುತ್ತಿದ್ದೀರಿ.

ಕೊನೆಗೆ ಕ್ಯಾಸೆಟ್. "ಇಷ್ಟು ವರ್ಷದಲ್ಲಿ ಅಳಿಸಿಹೋಗಿರುತ್ತೆ" ಎಂದು ಎಸೆಯಬೇಡಿ. ಎಷ್ಟೋ ಸಲ ಸೋತಿರುವುದು ಟೇಪಲ್ಲ, ಪ್ಲೇಯರಿನ ರಬ್ಬರ್ ಬೆಲ್ಟ್ ಅಥವಾ ವಾಲಿದ ಹೆಡ್. ಪ್ಲೇಯರ್ ಇಲ್ಲದಿದ್ದರೆ ಮೊಬೈಲಿನ ಹೆಡ್‌ಫೋನ್ ಕಿಂಡಿಯಿಂದ ಸ್ಪೆಕ್ಟ್ರಮ್ಮಿನ 'ಇಯರ್' ಕಿಂಡಿಗೆ ತಂತಿ ಹಾಕಿ, ಧ್ವನಿ ಪೂರ್ತಿ ಏರಿಸಿ, ಆ ಕೀರಲು ಸದ್ದಿನ ಫೈಲ್ ನುಡಿಸಿದರೂ ಆಗುತ್ತದೆ. ಅಂಚಿನಲ್ಲಿ ಮೊದಲು ಕೆಂಪು–ತಿಳಿನೀಲಿ ಪಟ್ಟೆ, ಆಮೇಲೆ ನೀಲಿ–ಹಳದಿ. ದೊಡ್ಡ ಆಟಕ್ಕೆ ಸುಮಾರು ಐದು ನಿಮಿಷ ಬೇಕು. ನಡುವೆ 'ಟೇಪ್ ಲೋಡಿಂಗ್ ಎರರ್' ಬಂದರೆ ಮೊದಲು ಮೊಬೈಲಿನ ಮೆಸೇಜ್ ಸದ್ದು ಬಂದ್ ಮಾಡಿದ್ದೀರಾ ನೋಡಿಕೊಳ್ಳಿ. ಒಂದು 'ಟಿಂಗ್' ಸಾಕು, ಮತ್ತೆ ಮೊದಲಿನಿಂದ ಶುರು.