ಒಂಟಾರಿಯೊದಲ್ಲಿ ನಿಮ್ಮ ಊರು ಯಾವುದು?

ಕೆನಡಾಕ್ಕೆ ಹೋಗೋದು ಖಾತ್ರಿಯಾಯ್ತು ಅಂದ ಕೂಡಲೇ ಸೂಟ್‌ಕೇಸಿನ ತೂಕದ ಲೆಕ್ಕ ಶುರು. ಸಾರಿನಪುಡಿ ಎಷ್ಟು, ಕುಕ್ಕರ್ ಒಯ್ಯೋದಾ ಬೇಡವಾ... ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಇಳಿಯೋದು ಯಾವ ಊರಲ್ಲಿ?

ಗೆಳತಿಯೊಬ್ಬಳು ಫೋನ್ ಮಾಡಿ "ಕೆನಡಾಗೆ ಹೋಗ್ತಿದೀವಿ ಕಣೇ" ಅಂದರೆ ನಾವೆಲ್ಲ ತಕ್ಷಣ ಕೇಳೋದು ಒಂದೇ, "ಟೊರೊಂಟೊನಾ?" ಅಂತ. ನಮಗೆ ಗೊತ್ತಿರೋ ಕೆನಡಾ ಅಷ್ಟೇ. ಆದರೆ ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯವೊಂದೇ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಐದು ಪಟ್ಟಿಗೂ ಹೆಚ್ಚು. ಜನ ಮಾತ್ರ 2021ರ ಗಣತಿಯಲ್ಲಿ 1 ಕೋಟಿ 42 ಲಕ್ಷ. ಅದರಲ್ಲೂ ಬಹುಪಾಲು ಜನ ದಕ್ಷಿಣದ ಸರೋವರಗಳ ಅಂಚಿನಲ್ಲೇ ಇದ್ದಾರೆ. ಹೊಸದಾಗಿ ಹೋಗುವ ನಮ್ಮವರು ಆರಿಸಿಕೊಳ್ಳಬಹುದಾದ ಊರುಗಳೂ ಹೆಚ್ಚುಕಡಿಮೆ ಅಲ್ಲೇ ಇವೆ.

ಸಾಮಾನ್ಯವಾಗಿ ಆಗೋದೇನು? ಯಜಮಾನರಿಗೆ ಕೆಲಸ ಎಲ್ಲಿ ಸಿಗುತ್ತೋ ಅಲ್ಲಿಗೆ, ಇಲ್ಲಾಂದ್ರೆ ಅವರ ಹಳೇ ಸಹೋದ್ಯೋಗಿ ಎಲ್ಲಿದ್ದಾರೋ ಅಲ್ಲಿಗೆ ಗಂಟುಮೂಟೆ ಹೊರಡುತ್ತೆ. ತಪ್ಪೇನಿಲ್ಲ, ಅನ್ನ ಕೊಡುವ ಕೆಲಸ ಮುಖ್ಯವೇ. ಆದರೆ ಬೆಳಗ್ಗೆ ಅವರು ಆಫೀಸಿಗೆ ಹೋದ ಮೇಲೆ ಆ ಊರಿನ ಜತೆ ಇಡೀ ದಿನ ಸಂಸಾರ ಮಾಡೋರು ಯಾರು? ನೀವು! ಹಾಗಾಗಿ ಈ ನಿರ್ಧಾರದಲ್ಲಿ ನಿಮ್ಮ ಮಾತೂ ಇರಬೇಕು. ಸುಮ್ಮನೆ "ನೀವು ಹೇಗಂದ್ರೆ ಹಾಗೆ" ಅನ್ನಬೇಡಿ.

ಫೆಬ್ರವರಿ ಪರೀಕ್ಷೆ

ಯಾವುದೇ ಊರನ್ನು ಅಳೆಯೋಕೆ ಒಂದು ಸುಲಭ ಉಪಾಯವಿದೆ. ಫೆಬ್ರವರಿ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ ಅಂತ ಕಲ್ಪಿಸಿಕೊಳ್ಳಿ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ. ಮನೆಯಲ್ಲಿರುವ ಒಂದೇ ಕಾರು ಯಜಮಾನರ ಜತೆ ಹೋಗಿದೆ. ಮಗುವಿಗೆ ಹಾಲು ಮುಗಿದಿದೆ. ಈಗ ಹೇಳಿ, ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ ಇದೆಯಾ? ಬಸ್ಸು ಎಷ್ಟು ನಿಮಿಷಕ್ಕೊಂದು? ಗ್ರಂಥಾಲಯ ಎಲ್ಲಿ? ಮಾತಾಡಿಸೋಕೆ ಒಂದು ಮುಖ ಸಿಗುತ್ತಾ?

ಈ ನಾಲ್ಕಕ್ಕೂ ಉತ್ತರ ಚೆನ್ನಾಗಿದ್ದರೆ ಊರು ಚೆನ್ನಾಗಿದೆ ಅಂತಲೇ ಅರ್ಥ. ಬೇಸಿಗೆಯ ಫೋಟೋ ನೋಡಿ ಊರು ಆರಿಸೋದು, ಮದುವೆ ಆಲ್ಬಂ ನೋಡಿ ಸಂಸಾರ ಹೇಗಿದೆ ಅಂತ ಹೇಳಿದ ಹಾಗೆ!

ಊರೂರ ಸ್ವಭಾವ

ಟೊರೊಂಟೊ: 2021ರಲ್ಲಿ ಸುಮಾರು 28 ಲಕ್ಷ ಜನ. ಬ್ಯಾಂಕು, ಐಟಿ, ಆಸ್ಪತ್ರೆ, ಎಲ್ಲ ಬಗೆಯ ಕೆಲಸವೂ ಇಲ್ಲಿದೆ. ಸಬ್‌ವೇ, ಬಸ್ಸು, ಸ್ಟ್ರೀಟ್‌ಕಾರ್ ಇರುವುದರಿಂದ ಕಾರಿಲ್ಲದೆ ಬದುಕಬಹುದಾದ ಊರು. ಪ್ರೆಸ್ಟೊ ಕಾರ್ಡಿನಲ್ಲಿ ಒಂದು ಸಲ ಹತ್ತಿದರೆ ಎರಡು ಗಂಟೆ ಕಾಲ ಬಸ್ಸು, ರೈಲು ಬದಲಿಸಬಹುದು. 12 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ನಗರದ ಸಾರ್ವಜನಿಕ ಗ್ರಂಥಾಲಯಕ್ಕೆ 100 ಶಾಖೆಗಳಿವೆ, ಮೆಂಬರ್‌ಶಿಪ್ ಉಚಿತ. ತೊಂದರೆ ಒಂದೇ, ಬಾಡಿಗೆ. ಹೊಸದಾಗಿ ಮನೆ ಹಿಡಿಯುವವರಿಗೆ ಒಂದು ಬೆಡ್‌ರೂಮಿನ ಮನೆಗೇ ತಿಂಗಳಿಗೆ 2 ಸಾವಿರ ಡಾಲರ್ ದಾಟುತ್ತೆ. ಮುಂದೆ ಮನೆ ಕೊಳ್ಳುವಾಗಲೂ ಅಷ್ಟೇ, ಪ್ರಾಂತ್ಯದ ತೆರಿಗೆಯ ಜತೆಗೆ ನಗರದ್ದೇ ಇನ್ನೊಂದು ವರ್ಗಾವಣೆ ತೆರಿಗೆ ಕಟ್ಟಬೇಕು.

ಮಿಸ್ಸಿಸಾಗಾ, ಬ್ರಾಂಪ್ಟನ್: ಟೊರೊಂಟೊ ಪಕ್ಕದ ಈ ಎರಡೂ ಊರು ನಮ್ಮವರಿಗೆ ಅಚ್ಚುಮೆಚ್ಚು. ವಿಮಾನ ನಿಲ್ದಾಣ ಇರೋದೇ ಮಿಸ್ಸಿಸಾಗಾದಲ್ಲಿ. ಬ್ರಾಂಪ್ಟನ್‌ನಲ್ಲಿ 2021ರ ಗಣತಿ ಪ್ರಕಾರ ಅರ್ಧಕ್ಕೂ ಹೆಚ್ಚು ಜನ ದಕ್ಷಿಣ ಏಷ್ಯಾ ಮೂಲದವರು. ಹಾಗಾಗಿ ತೊಗರಿಬೇಳೆ, ಕರಿಬೇವು, ಸೋನಾಮಸೂರಿಗೆ ಪರದಾಡಬೇಕಿಲ್ಲ. ಆದರೆ ಅಲ್ಲಿ ಹೆಚ್ಚು ಕೇಳಿಸೋದು ಪಂಜಾಬಿ, ಕನ್ನಡವಲ್ಲ. ಇನ್ನೊಂದು ವಿಷಯ, ಒಂಟಾರಿಯೊದಲ್ಲಿ ಕಾರಿನ ವಿಮೆ ನೀವಿರುವ ಬಡಾವಣೆಯ ಮೇಲೂ ನಿಲ್ಲುತ್ತೆ. ಬ್ರಾಂಪ್ಟನ್‌ನಲ್ಲಿ ಅದು ದುಬಾರಿ ಅಂತಲೇ ಹೆಸರು. ಬಾಡಿಗೆಯಲ್ಲಿ ಉಳಿಸಿದ್ದನ್ನು ವಿಮೆಗೆ ಸುರಿಯೋ ಹಾಗಾಗಬಾರದು ನೋಡಿ.

ಹ್ಯಾಮಿಲ್ಟನ್: ಟೊರೊಂಟೊದಿಂದ ಸುಮಾರು 70 ಕಿ.ಮೀ. ಉಕ್ಕಿನ ಕಾರ್ಖಾನೆಗಳ ಊರು ಅಂತ ಹೆಸರು, ಈಗ ಆಸ್ಪತ್ರೆಗಳೂ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯವೂ ದೊಡ್ಡ ಉದ್ಯೋಗದಾತರು. ಊರನ್ನು ಸೀಳುವ ಕಡಿದಾದ ದಿಬ್ಬದ ಮೇಲಿನ ಭಾಗವನ್ನು ಅಲ್ಲಿಯವರು 'ಮೌಂಟನ್' ಅಂತಾರೆ. ನಮ್ಮ ಮಲೆನಾಡಿನವರು ನೋಡಿದರೆ ನಕ್ಕಾರು! ಆದರೆ ಊರ ಸುತ್ತ ಜಲಪಾತಗಳಿಗೆ ಕೊರತೆಯಿಲ್ಲ.

ಕಿಚನರ್-ವಾಟರ್ಲೂ: ಅವಳಿ ಊರುಗಳು, ನಮ್ಮ ಹುಬ್ಬಳ್ಳಿ-ಧಾರವಾಡದ ಹಾಗೆ. ಬ್ಲ್ಯಾಕ್‌ಬೆರಿ ಫೋನ್ ಹುಟ್ಟಿದ್ದು ಇಲ್ಲೇ. ಸಾಫ್ಟ್‌ವೇರ್ ಕಂಪನಿಗಳಿವೆ, ಹೆಸರಾಂತ ವಾಟರ್ಲೂ ವಿಶ್ವವಿದ್ಯಾಲಯವಿದೆ. 2019ರ ಜೂನ್‌ನಲ್ಲಿ ಎರಡೂ ಊರುಗಳ ನಡುವೆ ಲಘು ರೈಲು ಶುರುವಾಯ್ತು. ಮನೆ ಅದರ ದಾರಿಗೆ ಹತ್ತಿರವಿದ್ದರೆ ನಿಮ್ಮ ಓಡಾಟ ಅರ್ಧ ಸಲೀಸು.

ಒಟ್ಟಾವ: ದೇಶದ ರಾಜಧಾನಿ. ಟೊರೊಂಟೊದಿಂದ ಸುಮಾರು 450 ಕಿ.ಮೀ., ಅಂದರೆ ಬೆಂಗಳೂರಿನಿಂದ ಧಾರವಾಡಕ್ಕೆ ಹೋದಷ್ಟು. ಅಚ್ಚುಕಟ್ಟಾದ, ಶಾಂತವಾದ ಊರು. ಸರ್ಕಾರಿ ಕೆಲಸ ಹೆಚ್ಚು, ಆದರೆ ಅದರಲ್ಲಿ ಎಷ್ಟೋ ಹುದ್ದೆಗಳಿಗೆ ಫ್ರೆಂಚ್ ಬೇಕು. ಕನಾಟಾ ಭಾಗದಲ್ಲಿ ತಂತ್ರಜ್ಞಾನ ಕಂಪನಿಗಳಿವೆ. ಚಳಿ ಟೊರೊಂಟೊಗಿಂತ ಜೋರು. ಮರಗಟ್ಟಿದ ರಿಡೋ ಕಾಲುವೆಯ ಮೇಲೆ 7.8 ಕಿ.ಮೀ. ಉದ್ದಕ್ಕೆ ಜನ ಸ್ಕೇಟಿಂಗ್ ಮಾಡ್ತಾರೆ ಅಂದರೆ ಊಹಿಸಿಕೊಳ್ಳಿ! ಒಂದು ಎಚ್ಚರಿಕೆ: ನದಿಯ ಆಚೆ ಇರುವ ಗ್ಯಾಟಿನೊದಲ್ಲಿ ಬಾಡಿಗೆ ಕಡಿಮೆ ಅಂತ ಯಾರಾದರೂ ಹೇಳಬಹುದು. ಅದು ಕ್ವಿಬೆಕ್ ಪ್ರಾಂತ್ಯ. ಶಾಲೆ, ತೆರಿಗೆ, ಆರೋಗ್ಯ ಕಾರ್ಡು ಎಲ್ಲ ಬೇರೆ, ವ್ಯವಹಾರ ಫ್ರೆಂಚ್‌ನಲ್ಲಿ.

ಲಂಡನ್, ವಿಂಡ್ಸರ್: ಹೌದು, ಇಲ್ಲೂ ಒಂದು ಲಂಡನ್ ಇದೆ, ಥೇಮ್ಸ್ ನದಿಯೂ ಇದೆ! ವಿಶ್ವವಿದ್ಯಾಲಯ, ಆಸ್ಪತ್ರೆಗಳ ಊರು. ಹ್ಯೂರಾನ್ ಸರೋವರದ ಕಡೆಯಿಂದ ಬರುವ ಹಿಮ ಇಲ್ಲಿ ಧಾರಾಳ. ವಿಂಡ್ಸರ್ ತೀರಾ ದಕ್ಷಿಣದಲ್ಲಿದ್ದು, ಚಳಿ ಸ್ವಲ್ಪ ಸಹ್ಯ. ನದಿ ದಾಟಿದರೆ ಅಮೆರಿಕದ ಡೆಟ್ರಾಯಿಟ್. ಮನೆ ಖರ್ಚು ಟೊರೊಂಟೊಗಿಂತ ಕಡಿಮೆ, ಆದರೆ ಊರಿನ ಬದುಕು ಹೆಚ್ಚಾಗಿ ಕಾರು ಕಾರ್ಖಾನೆಗಳನ್ನೇ ನಂಬಿದೆ. ಆ ಉದ್ಯಮಕ್ಕೆ ನೆಗಡಿ ಬಂದರೆ ಊರೇ ಸೀನುತ್ತೆ.

ನಿಮ್ಮ ಪದವಿಗೂ ಜಾಗ ಇರಲಿ

ಊರು ಆರಿಸುವಾಗ ನಿಮ್ಮ ಓದನ್ನು ಪಟ್ಟಿಯಿಂದ ಕೈಬಿಡಬೇಡಿ. ನರ್ಸಿಂಗ್, ಶಿಕ್ಷಕ ವೃತ್ತಿಗಳಿಗೆ ಅಲ್ಲಿ ಪ್ರಾಂತ್ಯದ ಮಟ್ಟದಲ್ಲೇ ಲೈಸೆನ್ಸ್ ಬೇಕು. ನರ್ಸ್‌ಗಳಿಗೆ 'ಕಾಲೇಜ್ ಆಫ್ ನರ್ಸಸ್ ಆಫ್ ಒಂಟಾರಿಯೊ', ಶಿಕ್ಷಕರಿಗೆ 'ಒಂಟಾರಿಯೊ ಕಾಲೇಜ್ ಆಫ್ ಟೀಚರ್ಸ್'. ಹೆಸರಲ್ಲಿ ಕಾಲೇಜ್ ಇದ್ದರೂ ಇವು ಪಾಠ ಹೇಳುವ ಕಾಲೇಜಲ್ಲ, ಅನುಮತಿ ಕೊಡುವ ಸಂಸ್ಥೆಗಳು. ಅಂಕಪಟ್ಟಿ, ಅನುಭವ ಪತ್ರ ಇಲ್ಲಿಂದ ಹೊರಡುವ ಮೊದಲೇ ತಯಾರಾದರೆ ಮುಂದೆ ಪರದಾಟ ತಪ್ಪುತ್ತೆ.

ಪಿಆರ್ ಆದವರಿಗೆ ಸರ್ಕಾರದ ಖರ್ಚಿನಲ್ಲೇ ಇಂಗ್ಲಿಷ್ ತರಗತಿಗಳಿವೆ. ಕೆಲವೆಡೆ ನೀವು ಕಲಿಯುವ ಹೊತ್ತಿನಲ್ಲಿ ಮಗುವನ್ನೂ ನೋಡಿಕೊಳ್ತಾರೆ. "ನನಗೆ ಇಂಗ್ಲಿಷ್ ಬರುತ್ತಲ್ಲ" ಅಂತ ಬಿಡಬೇಡಿ. ಅಲ್ಲಿ ಸಿಗುವ ಗೆಳತಿಯರೇ ದೊಡ್ಡ ಲಾಭ.

ಬಾಡಿಗೆ ಮನೆ: ಕಾನೂನು ತಿಳಿದಿರಲಿ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಸಂತೋಷದ ಸುದ್ದಿ. ಒಂಟಾರಿಯೊದಲ್ಲಿ ಮಾಲೀಕರು ಡಿಪಾಸಿಟ್ ಅಂತ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದೂ ಕೊನೆಯ ತಿಂಗಳ ಬಾಡಿಗೆಗೇ ಜಮಾ. "ನೀವು ಹೊಸಬರು, ಆರು ತಿಂಗಳದ್ದು ಒಟ್ಟಿಗೆ ಕೊಡಿ" ಅಂತ ಕೇಳುವವರೂ ಇದ್ದಾರೆ. ಅಂಥ ಕಡೆ ಯೋಚಿಸಿ. ಮನೆ ಕಣ್ಣಾರೆ ನೋಡದೆ ಇಲ್ಲಿಂದಲೇ ಹಣ ಕಳಿಸೋದಂತೂ ಬೇಡವೇ ಬೇಡ.

ಬಾಡಿಗೆ ಏರಿಸೋದು ವರ್ಷಕ್ಕೊಮ್ಮೆ, 90 ದಿನ ಮೊದಲು ಬರೆದು ತಿಳಿಸಿ. ಎಷ್ಟು ಏರಿಸಬಹುದು ಅನ್ನೋದಕ್ಕೆ ಸರ್ಕಾರ ಪ್ರತಿವರ್ಷ ಮಿತಿ ಹಾಕುತ್ತೆ. ಆದರೆ 2018ರ ನವೆಂಬರ್ 15ರ ನಂತರ ಮೊದಲ ಬಾರಿ ಜನ ವಾಸಕ್ಕೆ ಬಂದ ಮನೆಗಳಿಗೆ ಈ ಮಿತಿ ಅನ್ವಯಿಸೋದಿಲ್ಲ! ಹೊಳೆಯುವ ಹೊಸ ಅಪಾರ್ಟ್‌ಮೆಂಟ್‌ಗೆ ಮರುಳಾಗುವ ಮೊದಲು ಕಟ್ಟಡ ಯಾವಾಗಿನದು ಅಂತ ಕೇಳಿ.

ಬೇಸ್‌ಮೆಂಟ್ ಮನೆ ಅಗ್ಗ, ನಿಜ. ಅದಕ್ಕೆ ನಗರಸಭೆಯ ಅನುಮತಿ ಇದೆಯಾ, ಹೊಗೆ ಬಂದರೆ ಕೂಗುವ ಅಲಾರಂ ಇದೆಯಾ, ಬೆಂಕಿ ಬಿದ್ದರೆ ಹೊರಹೋಗೋಕೆ ದಾರಿ ಇದೆಯಾ ನೋಡಿ. ಜಾಹೀರಾತಿನಲ್ಲಿ 'ಹೈಡ್ರೊ ಪ್ರತ್ಯೇಕ' ಅಂತಿದ್ದರೆ ನೀರಿನ ಬಿಲ್ ಅಂದುಕೊಳ್ಳಬೇಡಿ, ಅಲ್ಲಿ ಹೈಡ್ರೊ ಅಂದರೆ ಕರೆಂಟು! ಬಹಳಷ್ಟು ಮನೆಗಳಲ್ಲಿ ಕರೆಂಟಿನ ದರ ಹೊತ್ತಿಗೊಂದು. ಸಂಜೆ 7ರಿಂದ ಬೆಳಗ್ಗೆ 7, ಮತ್ತೆ ಶನಿವಾರ-ಭಾನುವಾರ ಅಗ್ಗ. ವಾಷಿಂಗ್ ಮೆಷಿನ್‌ಗೆ ಆಗ ಕೆಲಸ ಕೊಡಿ.

ಮಕ್ಕಳು, ಶಾಲೆ, ಡಾಕ್ಟರು

ಡೊನೇಷನ್ ಚಿಂತೆ ಇಲ್ಲ. ಆ ವರ್ಷದ ಡಿಸೆಂಬರ್ 31ರೊಳಗೆ ಮಗುವಿಗೆ 4 ತುಂಬಿದರೆ ಸೆಪ್ಟೆಂಬರ್‌ನಿಂದಲೇ ಜೂನಿಯರ್ ಕಿಂಡರ್‌ಗಾರ್ಟನ್, ಪೂರ್ತಿ ದಿನ, ಉಚಿತ. ಆದರೆ ಯಾವ ಸರ್ಕಾರಿ ಶಾಲೆ ಅನ್ನೋದು ನಿಮ್ಮ ವಿಳಾಸದಿಂದಲೇ ನಿರ್ಧಾರ. ಹಾಗಾಗಿ ಮೊದಲು ಶಾಲೆ ನೋಡಿ, ಆಮೇಲೆ ಬೀದಿ ನೋಡಿ. ಅದಕ್ಕಿಂತ ಚಿಕ್ಕ ಮಗುವಿದ್ದು ನೀವು ಕೆಲಸಕ್ಕೆ ಹೋಗುವುದಾದರೆ ಡೇಕೇರ್ ಬೇಕು. ಸರ್ಕಾರಿ ಯೋಜನೆಗೆ ಸೇರಿದ ಡೇಕೇರ್‌ಗಳಲ್ಲಿ 2025ರ ಜನವರಿಯಿಂದ ದಿನಕ್ಕೆ ಗರಿಷ್ಠ 22 ಡಾಲರ್ ಅಂತ ಮಿತಿ ಬಂತು. ದರ ಕಡಿಮೆಯಾದ ಮೇಲೆ ಸಾಲು ಉದ್ದವಾಗಿದೆ! ಊರು ಗಟ್ಟಿಯಾದ ದಿನವೇ ಹೆಸರು ಬರೆಸಿ.

ಪಿಆರ್ ಕುಟುಂಬಕ್ಕೆ ಪ್ರಾಂತ್ಯದ ಆರೋಗ್ಯ ಕಾರ್ಡು ಸಿಗುತ್ತೆ. ಮೊದಲಿದ್ದ ಮೂರು ತಿಂಗಳ ಕಾಯುವಿಕೆಯನ್ನು 2020ರಲ್ಲಿ ತೆಗೆದುಹಾಕಿದರು. ಆದರೆ ದೊಡ್ಡವರ ಹಲ್ಲು, ಕನ್ನಡಕ, ಮಾತ್ರೆಯ ಖರ್ಚು ಇದರಲ್ಲಿ ಸಾಮಾನ್ಯವಾಗಿ ಸೇರಲ್ಲ. ಫ್ಯಾಮಿಲಿ ಡಾಕ್ಟರ್ ಇಲ್ಲದ ಲಕ್ಷಾಂತರ ಜನ ಒಂಟಾರಿಯೊದಲ್ಲಿದ್ದಾರೆ. ಹೊಸ ರೋಗಿಗಳನ್ನು ತೆಗೆದುಕೊಳ್ಳುವ ಡಾಕ್ಟರು ಆ ಊರಲ್ಲಿ ಇದ್ದಾರಾ ಅಂತ ಮೊದಲೇ ವಿಚಾರಿಸಿ. ಬಸುರಿ ಇದ್ದರೆ, ಮನೆಯಲ್ಲಿ ಶುಗರ್, ಬಿಪಿ ಇರೋರಿದ್ದರೆ ಇದು ಬಾಡಿಗೆಗಿಂತ ಮುಖ್ಯ.

ಅಪ್ಪ-ಅಮ್ಮ, ಅತ್ತೆ-ಮಾವ ಬಂದರೆ? ಸೂಪರ್ ವೀಸಾದಲ್ಲಿ ಒಮ್ಮೆ ಬಂದರೆ 5 ವರ್ಷದವರೆಗೂ ಇರಬಹುದು. ಆದರೆ ಅವರಿಗೆ ಸರ್ಕಾರಿ ಆರೋಗ್ಯ ಕಾರ್ಡು ಇಲ್ಲ, ಕನಿಷ್ಠ 1 ಲಕ್ಷ ಡಾಲರಿನ ಖಾಸಗಿ ವಿಮೆ ಬೇಕು. ಹಿರಿಯರಿಗೆ ಬೇಕಾದ್ದು ವಾಕಿಂಗ್‌ಗೆ ಒಂದು ದಾರಿ, ಮಾತಿಗೆ ಒಂದು ಜತೆ, ಕೈಮುಗಿಯೋಕೆ ಒಂದು ಗುಡಿ. ಕಾರಿಲ್ಲದೆ ಕದಲಲಾಗದ ಬಡಾವಣೆಯಲ್ಲಿ ಅವರು ಎರಡೇ ವಾರಕ್ಕೆ "ಊರಿಗೆ ಟಿಕೆಟ್ ಮಾಡಿಸು" ಅಂತಾರೆ.

ನಮ್ಮವರು ಸಿಗ್ತಾರಾ?

ಸಿಗ್ತಾರೆ. ಟೊರೊಂಟೊದಲ್ಲಿ ಕನ್ನಡ ಸಂಘವಿದೆ, ಶೃಂಗೇರಿ ಪರಂಪರೆಯ ದೇವಸ್ಥಾನವಿದೆ. ಒಟ್ಟಾವದಲ್ಲೂ ನಮ್ಮ ದನಿ ಕೇಳಿಸಿದೆ. ಅಲ್ಲಿನ ನೆಪಿಯನ್ ಕ್ಷೇತ್ರದಿಂದ 2015ರಿಂದ 2025ರವರೆಗೆ ಸಂಸದರಾಗಿದ್ದ, ನಮ್ಮ ತುಮಕೂರು ಜಿಲ್ಲೆಯ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲೇ ಕನ್ನಡದಲ್ಲಿ ಮಾತಾಡಿದ್ದರು. ಆದರೆ ಬರೀ ನಮ್ಮವರ ನಡುವೆಯೇ ಮನೆ ಮಾಡಬೇಕು ಅಂತ ಹಟ ಬೇಡ. ಹಬ್ಬಕ್ಕೆ ಕನ್ನಡ ಸಂಘ ಒಂದು ಗಂಟೆ ದೂರವಿದ್ದರೂ ನಡೆಯುತ್ತೆ, ದಿನಾ ಬೇಕಾದ ಹಾಲಿನಂಗಡಿ ದೂರ ಇರಬಾರದು.

ಹೊರಡುವ ಮುನ್ನ ಮಾಡಿ

* ನೀವೊಂದು, ಯಜಮಾನರೊಂದು ಬೇರೆ ಬೇರೆ ಪಟ್ಟಿ ಬರೆಯಿರಿ. ಊರಿನಲ್ಲಿ ಇರಲೇಬೇಕಾದ ಐದು ಅಂಶ ಯಾವುವು? ಆಮೇಲೆ ಎರಡನ್ನೂ ಜತೆಗಿಟ್ಟು ನೋಡಿ.

* ಬಾಡಿಗೆಯನ್ನಷ್ಟೇ ಹೋಲಿಸಬೇಡಿ. ಬಾಡಿಗೆ, ಕರೆಂಟು, ಕಾರಿನ ಕಂತು, ವಿಮೆ, ಡೇಕೇರ್ ಎಲ್ಲ ಕೂಡಿಸಿ. ಅಂಗಡಿಯಲ್ಲಿ ಬಹುತೇಕ ಸಾಮಾನಿನ ಬೆಲೆಯ ಮೇಲೆ 13% ತೆರಿಗೆ ಬೇರೆ ಬೀಳುತ್ತೆ. ಅಕ್ಕಿ, ಹಾಲು, ತರಕಾರಿಗೆ ಮಾತ್ರ ಇಲ್ಲ.

* ನಮ್ಮ ಲೈಸೆನ್ಸಿನಲ್ಲಿ ಅಲ್ಲಿ ನೆಲೆಸಿದ ಮೊದಲ 60 ದಿನ ಮಾತ್ರ ಓಡಿಸಬಹುದು. ಇಲ್ಲೇ ಡ್ರೈವಿಂಗ್ ಚೆನ್ನಾಗಿ ಕಲಿತು, ಆರ್‌ಟಿಒದಿಂದ ಅನುಭವದ ಪತ್ರ ತನ್ನಿ. ಲೈಸೆನ್ಸ್ ಇಬ್ಬರ ಹೆಸರಲ್ಲೂ ಇರಲಿ.

* ಮೊದಲ ತಿಂಗಳು ತಾತ್ಕಾಲಿಕ ಮನೆ ಹಿಡಿದು, ಎರಡು-ಮೂರು ಬಡಾವಣೆ ಓಡಾಡಿ ನೋಡಿ. ಬಸ್ಸಿನಲ್ಲೇ ಓಡಾಡಿ.

* ಮನೆಯ ಕರಾರಿಗೆ, ಬ್ಯಾಂಕ್ ಖಾತೆಗೆ ನಿಮ್ಮ ಸಹಿಯೂ ಇರಲಿ.

ಕೊನೆಗೊಂದು ಮಾತು. ಪ್ರಾಂತ್ಯವೇ ನಾಮನಿರ್ದೇಶನ ಮಾಡಿ ಕರೆಸಿಕೊಂಡವರು ಅಲ್ಲೇ ನೆಲೆಸುವ ಉದ್ದೇಶ ಇಟ್ಟುಕೊಂಡು ಹೋಗಬೇಕು. ಆದರೆ ಪ್ರಾಂತ್ಯದೊಳಗೆ ಊರು ಬದಲಿಸೋಕೆ ಯಾರ ಅಪ್ಪಣೆಯೂ ಬೇಡ. ಒಂದು ವರ್ಷದ ಕರಾರು ಮುಗಿಯುವಾಗ ಇಬ್ಬರೂ ಕೂತು ಕೇಳಿಕೊಳ್ಳಿ, "ಈ ಊರು ನಮಗೆ ಒಗ್ಗಿದೆಯಾ?" ಅಂತ. "ನಿಮಗೆ" ಅಂತಲ್ಲ, "ನಮಗೆ" ಅಂತ. ಏನಂತೀರಿ?